ಬಾಕಿ ಕೇಳಲು ಬಂದವಳು

ದೊಡ್ಡಬಳ್ಳಾಪುರದ ನಮ್ಮ ಕೇರಿಯಲ್ಲಿ ಮಗ್ಗ ಓಡುತ್ತಿರುವಷ್ಟು ಹೊತ್ತು ದೆವ್ವದ ಭಯವಿರಲಿಲ್ಲ. ಪವರ್‌ಲೂಮಿನ ಟಕಟಕದಲ್ಲಿ ಪಕ್ಕದಲ್ಲಿ ನಿಂತವರು ಕೂಗಿದ್ದೇ ಕೇಳಿಸದು, ಇನ್ನು ಮೋಹಿನಿ ಕೂಗಿದ್ದು ಯಾರ ಕಿವಿಗೆ ಬೀಳಬೇಕು? ಕರೆಂಟು ಹೋದರೆ ಮಾತ್ರ ಕಷ್ಟ. ಲಾಳಿ ಅರ್ಧದಲ್ಲೇ ನಿಂತು, ಇಡೀ ಕೇರಿ ಗಪ್‌ಚಿಪ್ಪಾಗುತ್ತಿತ್ತು. “ಯಾರು ಕೂಗಿದ್ರೂ ಮೂರು ಸಲ ಕೂಗೋ ತನಕ ಓ ಅನ್ಬೇಡ” ಎಂದು ಅಜ್ಜಿ ಹೇಳುತ್ತಿದ್ದುದು ಆಗಲೇ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಊರುಗಳಲ್ಲೂ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಮೂಡಿದಾಗ, ನಮ್ಮ ಕದದ ಮೇಲೂ ಅಮ್ಮ ಸೀಮೆಸುಣ್ಣದಲ್ಲಿ ಬರೆದಿದ್ದಳು.

ರಾತ್ರಿ ಬರುವವಳು ತಾಯಿಯದೋ ಹೆಂಡತಿಯದೋ ದನಿಯಲ್ಲಿ ಕರೆಯುತ್ತಾಳೆ, ಕದ ತೆಗೆದವನು ಉಳಿಯುವುದಿಲ್ಲ. ಗಂಡನನ್ನು ಹುಡುಕಿಕೊಂಡು ಅಲೆಯುವ ಮದುಮಗಳು ಅವಳು ಎಂದು ಹೇಳುವವರೂ ಇದ್ದರು. ಬರಹ ಓದಿ ಹಿಂದಿರುಗುತ್ತಾಳೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಾಳೆ. ಎರಡೇ ಪದದ ಈ ಮಂತ್ರ ಹೊಸದೇನಲ್ಲ. ‘ಇಂದು ನಗದು, ನಾಳೆ ಸಾಲ’ ಎಂದು ಅಂಗಡಿಯ ಗೋಡೆ ಹೇಳುವುದೂ, ಚೀಟಿ ದುಡ್ಡು ಕೇಳಲು ಬಂದವರಿಗೆ ಬಾಗಿಲಲ್ಲೇ ನಿಂತು ನಾವು ಹೇಳುವುದೂ ಇದನ್ನೇ. ಸಾಲ ವಸೂಲಿಗೆ ಬಂದವರನ್ನು ಸಾಗಹಾಕುವ ಮಾತನ್ನೇ ದೆವ್ವಕ್ಕೂ ಹೇಳಿದೆವು ಎಂದರೆ, ಅವಳಿಗೆ ನಾವೇನೋ ಕೊಡಬೇಕಿದೆ ಎಂದು ಒಪ್ಪಿಕೊಂಡ ಹಾಗಲ್ಲವೇ?

ನಮ್ಮ ಮೋಹಿನಿ ಕಥೆಗಳನ್ನು ನಾನು ತೂಗುವುದು ಈ ಬಾಕಿಯಿಂದಲೇ. ಹುಣಸೆಮರ, ಬಿಳಿ ಸೀರೆ, ಮಲ್ಲಿಗೆ ಘಮ, ಗೆಜ್ಜೆ ಸದ್ದು, ಹಿಂದುಮುಂದಾದ ಪಾದ: ಇಷ್ಟನ್ನೇ ಇಟ್ಟುಕೊಂಡು ಬಂದ ಕಾದಂಬರಿ, ಸಿನಿಮಾಗಳಲ್ಲಿ ವೇಷವಿದೆ, ವಿಷಯವಿಲ್ಲ. ಚಾಮರಸನ ‘ಪ್ರಭುಲಿಂಗಲೀಲೆ’ಯ ಮಾಯೆ ಕೂಡ, ಎಷ್ಟೇ ಚೆಲುವೆಯಾದರೂ, ಅಲ್ಲಮನನ್ನು ಕೆಡವಲು ಪಾರ್ವತಿ ಕಳಿಸಿದವಳು. ಪಂತ ಇನ್ನೊಬ್ಬರದು, ಅವಳ ಲೆಕ್ಕದ್ದಲ್ಲ.

1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಲೆಕ್ಕವಿದೆ. ಕೃಷ್ಣನನ್ನು ಬಯಸಿ, ಸಿಗದೆ ಸತ್ತ ಕಾಮಿನಿ ಅವನನ್ನೇ ಮೆಟ್ಟಿಕೊಳ್ಳುತ್ತಾಳೆ. ನಮ್ಮ ಕಡೆ ದೆವ್ವ ಮೆಟ್ಟುವುದು ಬಹುಪಾಲು ಹೆಂಗಸರಿಗೆ. ಇಲ್ಲಿ ಗಂಡಸಿನ ಮೈಯೊಳಗೆ ಹೆಣ್ಣು ಕೂತಿದ್ದಾಳೆ. ಅನಂತ್‌ನಾಗ್ ಇದನ್ನು ಆರ್ಭಟದಿಂದ ಮಾಡದೆ ಕಣ್ಣಿನ ಓರೆಯಲ್ಲಿ, ಕತ್ತಿನ ಬಳುಕಿನಲ್ಲಿ ತೋರಿಸಿದರು. ಎರಡು ವರ್ಷದ ನಂತರ ಹಿಂದಿಯಲ್ಲಿ ‘ಮಂಗಲ್‌ಸೂತ್ರ’ ಆದಾಗಲೂ ಪಾತ್ರ ಅವರಿಗೇ ಬಂತು. ಶೀರ್ಷಿಕೆಯ ಮಾತು ಯಾರದ್ದು ಎಂದು ಯೋಚಿಸಿ ನೋಡಿ. ದೆವ್ವವೂ ಅದನ್ನೇ ಹೇಳುತ್ತದೆ, ಲಕ್ಷ್ಮಿ ಮಾಡಿದ ಹೆಂಡತಿಯೂ ಅದನ್ನೇ ಹೇಳುತ್ತಾಳೆ. ಒಂದೇ ಹಟ ಒಬ್ಬಳಲ್ಲಿ ಪಾತಿವ್ರತ್ಯ, ಇನ್ನೊಬ್ಬಳಲ್ಲಿ ಪೀಡೆ. ಇಷ್ಟು ದೂರ ಬಂದ ಚಿತ್ರ ಕೊನೆಗೆ ರಾಯರ ಮಹಿಮೆಯ ಹಿಂದೆ ಅವಿತುಕೊಂಡಿತು. ಕಾಮಿನಿಯನ್ನು ಓಡಿಸಿದರು, ಅಷ್ಟೇ. ಅವಳ ಲೆಕ್ಕ ಚುಕ್ತಾ ಆಗಲಿಲ್ಲ. ನಟನೆಗೆ ಪೂರ್ತಿ ಅಂಕ ಕೊಡುವ ನಾನು ನ್ಯಾಯಕ್ಕೆ ಕೊಡಲಾರೆ.

‘ಆಪ್ತಮಿತ್ರ’ (2004) ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ನಾಗವಲ್ಲಿಯ ಪ್ರಿಯಕರನನ್ನು ರಾಜ ಕೊಂದ. ಆ ರಾಜನನ್ನು ಕೊಲ್ಲುವುದು ಅವಳ ಬಾಕಿ. ಡಾಕ್ಟರು ಮನುಷ್ಯನ ಬದಲು ಬೊಂಬೆ ಇಟ್ಟು ತೀರಿಸುತ್ತಾನೆ. ಖೋಟಾ ನಾಣ್ಯವೇ ನಿಜ, ಆದರೂ ಕೊಡಬೇಕಿತ್ತು ಎಂದು ಒಪ್ಪಿ ಕೊಟ್ಟದ್ದು. ನನಗೆ ಇರುಸುಮುರುಸಾದದ್ದು ಭಾಷೆಯಲ್ಲಿ. ಮೂಲವಾದ ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಚಿತ್ರದಲ್ಲಿ ನಾಗವಲ್ಲಿ ತಮಿಳಿನವಳು. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. ಮರುಳು ಮಾಡುವವಳು ಯಾವಾಗಲೂ ಪಕ್ಕದ ನಾಡಿನವಳೇ ಆಗಬೇಕು! ಹೊಸಕೋಟೆ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮನೆಮಾತು. ಅಲ್ಲಿನ ಗೆಳೆಯನೊಬ್ಬ, ನಾಗವಲ್ಲಿ ಸಿಟ್ಟಾದಾಗ ತನಗೆ ದೆವ್ವ ಕಾಣಲಿಲ್ಲ, ಅವ್ವ ಊಟಕ್ಕೆ ಕೂಗಿದ ಹಾಗಾಯಿತು ಎಂದ. ಚಿತ್ರದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಆದರೆ ಆ ಚಿತ್ರವನ್ನು ಬರೀ ಸಿನಿಮಾವಾಗಿ ನೋಡುವುದು ನಮ್ಮಿಂದ ಆಗಲಿಲ್ಲ. ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಅದೇ ವರ್ಷ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೆದ್ದ ಪುಟ್ಟ ವಿಮಾನ ಉರುಳಿ ತೀರಿಕೊಂಡಿದ್ದರು. ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಗೆಜ್ಜೆ ಕಟ್ಟಿ ಪರದೆ ತುಂಬ ಕುಣಿದವಳು ಇಲ್ಲ ಎಂಬುದು ಥಿಯೇಟರಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಯಾವ ನಿರ್ದೇಶಕನೂ ಬೇಕೆಂದು ತರಲಾಗದ ಚಳಿ ಅದು. ದೇವನಹಳ್ಳಿಯಿಂದ ಬೆಂಗಳೂರಿಗೆ ಹೋಗುವಾಗ ಜಕ್ಕೂರು ಬಂದರೆ ನನ್ನ ಕಿವಿಯಲ್ಲಿ ಈಗಲೂ ಆ ತೆಲುಗು ಹಾಡಿನ ತಾಳ.

‘ನಾಳೆ ಬಾ’ ಕಥೆಯ ಎಳೆ ಹಿಡಿದೇ ಹಿಂದಿಯ ‘ಸ್ತ್ರೀ’ (2018) ನಡೆಯಿತು. ಊರು ಚಂದೇರಿಯಾಯಿತು. ಕೊನೆಯಲ್ಲಿ ಊರಿನವರು ಗೋಡೆಬರಹ ಬದಲಿಸಿ, ನಮ್ಮನ್ನು ಕಾಪಾಡು ಎಂದು ಅವಳನ್ನೇ ಬೇಡುತ್ತಾರೆ. ನಗುನಗುತ್ತಾ ದೊಡ್ಡ ಮಾತಾಡಿದ ಚಿತ್ರವೆಂದು ಹೊಗಳಿದವರು ಬಹಳ. ನನಗೇಕೋ ಸಾಲ ಕೊಟ್ಟವಳಿಗೆ ಹಣ ಹಿಂದಿರುಗಿಸದೆ ಗುಡಿ ಕಟ್ಟಿದ ಹಾಗೆ ಕಂಡಿತು. ಪೂಜೆಗೆ ಕೂರಿಸಿದ ಮೇಲೆ ಅವಳು ಬಾಕಿ ಕೇಳುವುದುಂಟೇ?

ನಮ್ಮ ಕದಕ್ಕೆ ಬಂದರೆ, ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಬರಹದ ಅರ್ಧ ಅಳಿಸಿಹೋಗಿತ್ತು. ಹೋಗಿಬರುವವರೆಲ್ಲ ಕೈಯಿಟ್ಟು ತಳ್ಳುತ್ತಿದ್ದ ಜಾಗದಲ್ಲಿ ‘ನಾಳೆ’ ಇತ್ತು. ಒಂದು ಸಂಜೆ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಾಗ, ಲಾಟೀನು ಹಿಡಿದು ಹೊರಗೆ ಬಂದ ಅಜ್ಜಿ ಕದದ ಮೇಲೆ ಉಳಿದಿದ್ದ ಒಂದೇ ಒಂದು ‘ಬಾ’ವನ್ನು ನೋಡುತ್ತಾ ನಿಂತಳು. ಒಳಗೆ ಅಮ್ಮ ಕತ್ತಲಲ್ಲೇ ಸೀಮೆಸುಣ್ಣಕ್ಕೆ ತಡಕಾಡುತ್ತಿದ್ದಳು.