ಜಾಲರಿ ದಾಟದ ಸತ್ಯ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯಲ್ಲಿ ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ಕಾಯುವವರ ಸಾಲು ಬೆಳೆಯುತ್ತದೆ. ಹೊರಗೆ ಪೇಟೆಯ ಗದ್ದಲ. ಒಳಗೆ ಒಬ್ಬೊಬ್ಬರೇ ಹೋಗಿ ಮೊಣಕಾಲೂರಿ, ಜಾಲರಿಯ ಆಚೆ ಕುಳಿತ ಪಾದ್ರಿಗೆ ಮಾತ್ರ ಕೇಳುವಂತೆ ತಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆ. ಬಿಷಪ್ ಥಾಮಸ್ ದೆ ಕ್ಯಾಸ್ತ್ರೊ ಅವರು 1680ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ ನೆಲೆಗೊಳಿಸಿದ ಇಗರ್ಜಿ ಇದು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತಿತು. ಕಟ್ಟಡ ಬದಲಾದರೂ ಕುಮ್ಸಾರ್ ಉಳಿದುಕೊಂಡಿತು.

ತನ್ನ ಬಗ್ಗೆ ತಾನೇ ಸತ್ಯ ಹೇಳುವುದನ್ನು ಒಂದು ಸಮುದಾಯ ಇಷ್ಟು ತಲೆಮಾರು ರೂಢಿಯಲ್ಲಿ ಇಟ್ಟುಕೊಂಡಿರುವುದು ಸಣ್ಣ ಸಂಗತಿಯಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಆಗಲೇಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವಿಧಿಸಿತು. ಜಾಲರಿಯ ಪೆಟ್ಟಿಗೆಯನ್ನು ಹದಿನಾರನೇ ಶತಮಾನದಲ್ಲಿ ರೂಢಿಗೆ ತಂದವರಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಪ್ರಮುಖರು. ಇದರ ನಿಯಮ ಕಠಿಣ: ಬೇರೆಯವರ ತಪ್ಪು ಹೇಳುವಂತಿಲ್ಲ, ತನ್ನದನ್ನು ಮಾತ್ರ. ‘ಅವನು ಹಾಗೆ ಮಾಡಿದ, ಅದಕ್ಕೆ ನಾನು ಹೀಗೆ’ ಎಂಬ ಸಮಜಾಯಿಷಿಗೆ ಅಲ್ಲಿ ಬೆಲೆಯಿಲ್ಲ. ದೂರುವುದರಲ್ಲೇ ಪಳಗಿದ ನಮ್ಮ ನಾಲಿಗೆಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಕೇಳಿದವನಿಗೂ ಕಟ್ಟುಪಾಡಿದೆ. ಗುಟ್ಟು ಬಿಟ್ಟುಕೊಟ್ಟ ಪಾದ್ರಿಗೆ ಬಹಿಷ್ಕಾರವೇ ಶಿಕ್ಷೆ.

ಆ ಕಟ್ಟುಪಾಡೂ ಮುರಿಯಬಹುದೆಂಬ ಭಯ 2018ರಲ್ಲಿ ಪಕ್ಕದ ಕೇರಳದಿಂದ ಬಂತು. ಅಲ್ಲಿನ ಆರ್ಥೊಡಾಕ್ಸ್ ಸಭೆಯ ಕೆಲವು ಪಾದ್ರಿಗಳು ಮಹಿಳೆಯೊಬ್ಬರ ಪಾಪನಿವೇದನೆಯನ್ನೇ ಬೆದರಿಕೆಗೆ ಬಳಸಿಕೊಂಡರೆಂಬ ಆರೋಪ ಕೇಳಿಬಂದಾಗ, ರಾಷ್ಟ್ರೀಯ ಮಹಿಳಾ ಆಯೋಗವು ಈ ಆಚರಣೆಯನ್ನೇ ನಿಲ್ಲಿಸಬೇಕೆಂದು ಶಿಫಾರಸು ಮಾಡಿತು. ಸಭೆಗಳು ಒಕ್ಕೊರಲಿನಿಂದ ವಿರೋಧಿಸಿದವು. ನಿಲ್ಲಿಸುವ ಸಲಹೆ ಅತಿಯಾಯಿತು, ನಿಜ. ಆದರೆ ಹೇಳಿಕೊಳ್ಳುವವರು ಮಂಡಿಯೂರಿರುತ್ತಾರೆ, ಕೇಳುವವರು ಕುಳಿತಿರುತ್ತಾರೆ. ಈ ಏರುಪೇರಿನ ಬಗ್ಗೆ ಸಭೆಯೊಳಗೇ ಆಗಬೇಕಾಗಿದ್ದ ಚರ್ಚೆ ವಿರೋಧದ ಗದ್ದಲದಲ್ಲಿ ಹಿಂದೆ ಸರಿಯಿತು.

ಕುಮ್ಸಾರಿನ ದೊಡ್ಡ ಕೊರತೆ ಮಾತ್ರ ಬೇರೆಯೇ ಇದೆ. 1992ರ ಕಥೊಲಿಕ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ: ಕ್ಷಮೆ ಸಿಕ್ಕರೂ ತಪ್ಪಿನಿಂದಾದ ಹಾನಿ ಹಾಗೆಯೇ ಉಳಿಯುತ್ತದೆ, ಕದ್ದದ್ದನ್ನು ಹಿಂದಿರುಗಿಸಬೇಕು, ಚಾಡಿ ಹೇಳಿ ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಗಾಯಕ್ಕೆ ಪರಿಹಾರ ಕೊಡಬೇಕು. ಲೂಕನ ಸುವಾರ್ತೆಯ ಸುಂಕದ ಜಕ್ಕಾಯ ಬರೀ ಪಶ್ಚಾತ್ತಾಪಪಟ್ಟು ಸುಮ್ಮನಾಗಲಿಲ್ಲ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ, ಅದೂ ಎಲ್ಲರೆದುರು. ಇವತ್ತಿನ ರೂಢಿಯಲ್ಲಿ ಪ್ರಾಯಶ್ಚಿತ್ತವೆಂದರೆ ಹೆಚ್ಚಾಗಿ ಒಂದಿಷ್ಟು ಪ್ರಾರ್ಥನೆ. ಕೆಲಸದಾಳಿನ ಸಂಬಳ ಹಿಡಿದಿಟ್ಟ ಯಜಮಾನ, ಅಣ್ಣತಮ್ಮಂದಿರ ಜಾಗದ ಗಡಿಕಲ್ಲು ಸರಿಸಿದವ, ಪಕ್ಕದ ಮನೆಯ ಹುಡುಗಿಯ ಬಗ್ಗೆ ಸುಳ್ಳು ಹಬ್ಬಿಸಿದವಳು, ಇವರೆಲ್ಲ ಪ್ರಾರ್ಥನೆ ಮುಗಿಸಿ ಹಗುರವಾಗಿ ಮನೆಗೆ ಹೋಗಬಹುದು. ಸಂಬಳ ಸಿಗದವನಿಗೆ ಅದರಿಂದ ಏನೂ ಸಿಕ್ಕಿರುವುದಿಲ್ಲ.

ಇಡೀ ಊರು ಸೇರಿ ಮಾಡುವ ತಪ್ಪಂತೂ ಪೆಟ್ಟಿಗೆಯ ಬಳಿಗೇ ಬರುವುದಿಲ್ಲ. ಮಂಗಳೂರಿನ ಕಥೊಲಿಕರಲ್ಲಿ ಬಾಮಣ್, ಚಾರೊಡಿ, ಶೂದಿರ್ ಎಂಬ ಜಾತಿಗಳು ಮತಾಂತರವಾಗಿ ಶತಮಾನಗಳು ಕಳೆದರೂ ಅಳಿದಿಲ್ಲ. ಪೀಠದ ಮುಂದೆ ಒಂದೇ ರೊಟ್ಟಿ. ಮದುವೆ ಮಾತುಕತೆಗೆ ಕುಳಿತಾಗ ಮಾತ್ರ ಜಾತಿಯ ವಿಚಾರಣೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದೆ, ಆದರೂ ದೊತ್, ಅಂದರೆ ವರದಕ್ಷಿಣೆ, ‘ಮಗಳಿಗೆ ಪ್ರೀತಿಯಿಂದ ಕೊಟ್ಟದ್ದು’ ಎಂಬ ಹೆಸರಿನಲ್ಲಿ ಉಳಿದಿದೆ. ಕೊಟ್ಟವರೂ ಪಡೆದವರೂ ಮರುದಿನ ಪರಮಪ್ರಸಾದಕ್ಕೆ ನಿಲ್ಲುತ್ತಾರೆ. ಎಲ್ಲರೂ ಸೇರಿ ಆಡುವ ಸುಳ್ಳು ಯಾರ ಆತ್ಮಸಾಕ್ಷಿಯನ್ನೂ ಚುಚ್ಚುವುದಿಲ್ಲ.

ಚುಚ್ಚಿಸಿಕೊಂಡವರೂ ಇದ್ದಾರೆ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲೆಂದು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿ ಸೇರಿದರು. ಅಲ್ಲಿ ಹಿರಿಯರಿಗೆ ಎತ್ತರದ ಮೇಜು, ಒಳ್ಳೆಯ ಊಟ, ವಿದ್ಯಾರ್ಥಿಗಳಿಗೆ ಬೇರೆ. ಬೋಧನೆ ಒಂದು, ನಡತೆ ಇನ್ನೊಂದು ಎಂದು ಕಂಡುಕೊಂಡ ಅವರು 1949ರ ಹೊತ್ತಿಗೆ ಹೊರಬಿದ್ದು, ಮಂಗಳೂರಿನ ಹೋಟೆಲು ಮತ್ತು ಸಾರಿಗೆ ಕಾರ್ಮಿಕರ ನಡುವೆ ಕೆಲಸಕ್ಕಿಳಿದರು. ಒಂದು ಊಟದ ಮೇಜಿಗಾಗಿ ದೈವಕರೆಯನ್ನೇ ಬಿಡುವುದೇ ಎಂದು ಕೇಳುವುದು ಸುಲಭ. ಆದರೆ ಅವರು ಎತ್ತಿದ್ದು ರುಚಿಯ ಪ್ರಶ್ನೆಯನ್ನಲ್ಲ. ಮುಂದೆ ಕೇಂದ್ರ ಸಚಿವರಾದ ಅದೇ ಜಾರ್ಜ್ 1979ರಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರವನ್ನು ಆವೇಶದಿಂದ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟು ನಡೆದರು. ಹತ್ತೊಂಬತ್ತರ ಹರೆಯದ ಸತ್ಯನಿಷ್ಠೆ ಜೀವನಪೂರ್ತಿ ಹಾಗೆಯೇ ಉಳಿಯುತ್ತದೆಂಬ ಖಾತ್ರಿ ಯಾರಿಗೂ ಇಲ್ಲ. ಇದರಿಂದ ಆ ಮೊದಲ ಹೆಜ್ಜೆಯ ತೂಕವೇನೂ ಕಡಿಮೆಯಾಗದು.

ಹಂಪನಕಟ್ಟೆಯಿಂದ ಏರು ಹತ್ತಿದರೆ ಬಲ್ಮಠ. ಅಲ್ಲಿ ಪ್ರೊಟೆಸ್ಟಂಟರ ದಾರಿ ಬೇರೆ. ಪೆಟ್ಟಿಗೆಯಿಲ್ಲ, ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ತಪ್ಪೊಪ್ಪಿಗೆ ಹೇಳುತ್ತಾರೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ತಂಡದೊಂದಿಗೆ ಮಂಗಳೂರಿಗೆ ಬಂದ ಸ್ಯಾಮುವೆಲ್ ಹೆಬಿಕ್, ಮುಂದೆ ಕಣ್ಣೂರಿನ ದಂಡಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಮನೆಗೇ ಹೋಗಿ ಅವರ ಪಾಪವನ್ನು ಮುಖಕ್ಕೆ ಹೇಳಿದವರು. ಅಂಥ ಎದೆಗಾರಿಕೆ ಮಿಷನ್ನಿನ ಆಶ್ರಯದಲ್ಲಿದ್ದ ಬಡ ಕ್ರೈಸ್ತರಿಗೆ ಎಷ್ಟರಮಟ್ಟಿಗೆ ಸಾಧ್ಯವಿತ್ತು? ಜಾತಿ ಬಿಟ್ಟು ಬಂದವರಿಗೆ ಹೊಟ್ಟೆಪಾಡು ಒದಗಿಸಲು ನೇಯ್ಗೆ ಕಾರ್ಖಾನೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಸಭೆಯ ಶಿಸ್ತು ನೋಡುವ ಮಿಷನ್ನೇ ಕೂಲಿಯನ್ನೂ ಕೊಡುತ್ತಿತ್ತು. ಕುಡಿತವನ್ನೂ ಸುಳ್ಳನ್ನೂ ಮಿಷನ್ನಿನ ದೊರೆಗಳು ಪ್ರಶ್ನಿಸಬಹುದಿತ್ತು. ಕೂಲಿ ಸಾಲದೆಂದು ಅದೇ ದೊರೆಗಳಿಗೆ ಹೇಳುವವನು ಅನ್ನವನ್ನೂ ಸಭೆಯನ್ನೂ ಒಟ್ಟಿಗೇ ಪಣಕ್ಕಿಡಬೇಕಿತ್ತು.

ಹಾಗೆಂದು ಕುಮ್ಸಾರನ್ನು ಬಿಡಬೇಕಿಲ್ಲ. ಬಿಟ್ಟರೆ ಈಗಿರುವ ಇಷ್ಟು ಪ್ರಾಮಾಣಿಕತೆಯೂ ಹೋದೀತು. ಅದರೊಳಗೆ ಇರುವುದನ್ನೇ ಪೂರ್ತಿ ಬಳಸಿದರೆ ಸಾಕು. 1973ರ ಪರಿಷ್ಕೃತ ವಿಧಿಯಲ್ಲಿ ಸಮುದಾಯವೆಲ್ಲ ಸೇರಿ ಆತ್ಮಶೋಧನೆ ಮಾಡಿ, ಬಳಿಕ ಒಬ್ಬೊಬ್ಬರಾಗಿ ನಿವೇದಿಸುವ ಕ್ರಮವಿದೆ. ಆ ಆತ್ಮಶೋಧನೆಯ ಪ್ರಶ್ನೆಗಳನ್ನು ಇಗರ್ಜಿಯ ಮುಖ್ಯ ಪಾದ್ರಿಯಾದ ವಿಗಾರರೂ ವಾಡೆಯ ಮುಖಂಡರಾದ ಗುರ್ಕಾರರೂ ಕುಳಿತು ಈ ಊರಿಗೆ ತಕ್ಕಂತೆ ಬರೆಯಬಹುದು: ಸೊಸೆಯ ಮನೆಯಿಂದ ಎಷ್ಟು ಪಡೆದಿರಿ, ಸಂಬಂಧ ಬೇಡವೆಂದದ್ದು ಯಾವ ಕಾರಣಕ್ಕೆ, ಅಂಗಡಿಯ ಹುಡುಗನಿಗೆ ಕಳೆದ ತಿಂಗಳ ಸಂಬಳ ಕೊಟ್ಟಿರಾ, ಇಗರ್ಜಿಯ ಲೆಕ್ಕಪತ್ರ ಕೇಳಿದವನನ್ನು ನೀವೇನೆಂದು ಕರೆದಿರಿ. ಪ್ರಾಯಶ್ಚಿತ್ತ ಹೇಳುವ ಪಾದ್ರಿಯೂ ಪ್ರಾರ್ಥನೆಗೆ ಮೊದಲು, ಪಡೆದ ಹಣವನ್ನು ಹಿಂದಿರುಗಿಸಲು ದಿನ ಗೊತ್ತುಮಾಡಬಹುದು.