‘ಮಸ್ಟ್’ ಎಂಬ ಉಪಚಾರ

ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ ಒಂದು ಏಣಿ ಈಗಲೂ ಉಳಿದಿದೆ. ಕೆಳಗೆ ‘ಮೇ’, ನಡುವೆ ‘ಶುಡ್’, ತುದಿಯಲ್ಲಿ ‘ಮಸ್ಟ್’. ಮೇಲೇರಿದಷ್ಟೂ ಮಾತು ಬಿರುಸು, ಕೆಳಗಿಳಿದಷ್ಟೂ ವಿನಯ ಎಂಬ ಪಾಠ.

ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್ 1972ರಲ್ಲೇ ಈ ಏಣಿಯ ಮೆಟ್ಟಿಲು ಮುರಿದಿದ್ದರು. ಅವರ ಉದಾಹರಣೆ ಔತಣದ ಮನೆಯದು. ಅತಿಥಿಯ ಮುಂದೆ ಕೇಕ್ ಇಟ್ಟ ಮನೆಯೊಡತಿ ‘ಮಸ್ಟ್’ ಎಂದರೆ ಅದು ಆದರ. ‘ಶುಡ್’ ಎಂದರೆ ಉಪಚಾರ ಸಪ್ಪೆ. ‘ಮೇ’ ಎಂದರೋ, ಅತಿಥಿ ಕೇಕಿಗಾಗಿ ಕಾದು ಕೂತಿದ್ದ, ಈಗ ಅಪ್ಪಣೆ ಸಿಕ್ಕಿತು ಎಂಬಂತೆ. ಪದದ ಬಿರುಸಿಗಿಂತ ಲಾಭ ಯಾರಿಗೆ ಎಂಬುದೇ ಇಲ್ಲಿ ಮುಖ್ಯ. ಪಂಕ್ತಿಯಲ್ಲಿ ‘ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಲೇಬೇಕು’ ಎಂಬ ಒತ್ತಾಯ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ‘ಮಸ್ಟ್’ ಕಚೇರಿಯಲ್ಲಿ ವರದಿ ಕೇಳುವಾಗ ಬಂದರೆ ಶುದ್ಧ ಆಜ್ಞೆ.

‘ಹ್ಯಾಡ್ ಬೆಟರ್’ ಇನ್ನೂ ಅಪಾಯಕಾರಿ. ‘ಬೆಟರ್’ ಇದೆಯಲ್ಲ, ಸೌಮ್ಯವಾಗಿರಬೇಕು ಎಂದು ಮೇಲಧಿಕಾರಿಗೆ ಬರೆಯುವವರಿದ್ದಾರೆ. ಅದರ ಬೆನ್ನಿಗೇ ‘ಇಲ್ಲದಿದ್ದರೆ ನೋಡಿ’ ಎಂಬ ಎಚ್ಚರಿಕೆ ಅಂಟಿಕೊಂಡಿರುತ್ತದೆ. ಹಿರಿಯರಿಗೆ ಸಲಹೆ ಕೊಡಲು ‘ಮೈಟ್ ವಾಂಟ್ ಟು’ ವಾಸಿ. ತೀರ್ಮಾನ ಅವರ ಕೈಯಲ್ಲೇ ಉಳಿಯುತ್ತದೆ.

ಇನ್ನು ನಯವಾಗಿ ಒಲ್ಲೆ ಎನ್ನುವುದು. ‘ಕಾಂಟ್’ ಹೊಣೆಯನ್ನು ಸಂದರ್ಭದ ಮೇಲೆ ಹಾಕುತ್ತದೆ, ‘ವೋಂಟ್’ ಮನಸ್ಸಿಲ್ಲವೆಂದು ಮುಖಕ್ಕೇ ಹೇಳುತ್ತದೆ. ಇಷ್ಟು ಸಾಕು. ಏಕೆಂದರೆ ಹರ್ಮನ್ ಮೆಲ್ವಿಲ್‌ನ ಕಥೆಯ ಬಾರ್ಟಲ್‌ಬಿ ಬಾಗಿಲಲ್ಲಿ ನಿಂತಿದ್ದಾನೆ.

1853ರ ಆ ಕಥೆಯಲ್ಲಿ ಅವನು ವಾಲ್ ಸ್ಟ್ರೀಟ್ ವಕೀಲರೊಬ್ಬರ ನಕಲು ಗುಮಾಸ್ತ. ಕೆಲಸ ಹೇಳಿದಾಗಲೆಲ್ಲ ‘ವುಡ್’ ಮತ್ತು ‘ಪ್ರಿಫರ್’ ಸೇರಿಸಿ, ಮಾಡದಿರುವುದೇ ತನಗೆ ಇಷ್ಟವೆಂದು ತಣ್ಣಗೆ ತಿಳಿಸುತ್ತಾನೆ. ‘ವಿಲ್ ನಾಟ್’ ಎನ್ನುತ್ತೀಯಾ ಎಂದು ವಕೀಲರು ಕೆಣಕಿದರೆ, ಅದನ್ನು ತಿದ್ದಿ ಮತ್ತೆ ‘ಪ್ರಿಫರ್’ಗೇ ಬರುತ್ತಾನೆ. ‘ವಿಲ್ ನಾಟ್’ ಅಂದಿದ್ದರೆ ಅವಿಧೇಯತೆಗೆ ಕೆಲಸದಿಂದ ತೆಗೆಯುವುದು ಸುಲಭವಿತ್ತು. ಇಷ್ಟೊಂದು ವಿನಯದ ಮುಂದೆ ವಕೀಲರ ಕೈ ಕಟ್ಟಿಹೋಗುತ್ತದೆ. ಇಂಗ್ಲಿಷ್ ವಿನಯಕ್ಕೆ ಎಷ್ಟು ಬಲವಿದೆ ಎಂಬುದನ್ನು ಯಾವ ವ್ಯಾಕರಣವೂ ಇಷ್ಟು ಚೆನ್ನಾಗಿ ತೋರಿಸಿಲ್ಲ.

‘ಪ್ರಿಫರ್’ ಎಂಬ ಆ ಪದ ಕಚೇರಿಗೆಲ್ಲ ಅಂಟುತ್ತದೆ. ವಕೀಲರ ಬಾಯಲ್ಲೂ ಅದೇ, ಸಿಡುಕ ಗುಮಾಸ್ತ ನಿಪ್ಪರ್ಸ್‌ನ ಬಾಯಲ್ಲೂ ಅದೇ. ವಯಸ್ಸಾದ ಗುಮಾಸ್ತ ಟರ್ಕಿಯನ್ನು ಕೇಳಿದರೆ, ವಿಚಿತ್ರ ಪದವದು, ತಾನೆಂದೂ ಬಳಸುವುದಿಲ್ಲ ಎನ್ನುತ್ತಾನೆ, ಮರುಮಾತಿನಲ್ಲೇ ಬಳಸಿಬಿಡುತ್ತಾನೆ.