ಪಾನಕ ನ್ಯಾಯ ಮತ್ತು ಹುಳಿ ಬಿಯರ್

ಹಾಲು ಹುಳಿಯಾಯಿತು ಎಂದರೆ ಕೆಟ್ಟಿತು ಎಂದರ್ಥ. ಸಂಬಂಧಕ್ಕೆ ಹುಳಿ ಹಿಂಡಿದರು ಎಂದರೆ ಕೆಡಿಸಿದರು ಎಂದರ್ಥ. ಅದೇ ಕನ್ನಡದಲ್ಲಿ ‘ಹುಳಿ’ ಎನ್ನುವುದು ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥದ ಹೆಸರೂ ಹೌದು. ದೋಸೆ ಹಿಟ್ಟಿಗೆ ಹುಳಿ ಬರದಿದ್ದರೆ ಅವತ್ತಿನ ತಿಂಡಿ ಸಪ್ಪೆ. ಒಂದು ಪಾತ್ರೆಯಲ್ಲಿ ದೋಷವಾದದ್ದು ಇನ್ನೊಂದು ಪಾತ್ರೆಯಲ್ಲಿ ಗುಣ.

ಬಿಯರಿನ ಚರಿತ್ರೆಯಲ್ಲೂ ಹುಳಿಯ ಪಾಡು ಹೀಗೆಯೇ. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಕುರಿತು ಬರೆದ ಗ್ರಂಥದಲ್ಲಿ ಹುಳಿಯಾಗುವುದನ್ನು ಬಿಯರಿಗೆ ತಗಲುವ ರೋಗಗಳ ಸಾಲಿನಲ್ಲಿ ಇಟ್ಟ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸೆನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. ಅಲ್ಲಿಂದ ಮುಂದೆ ದೊಡ್ಡ ಕಾರ್ಖಾನೆಗಳಿಗೆ ಹುಳಿ ಎಂದರೆ ಸೋಲು. ಆದರೂ ಬ್ರಸೆಲ್ಸ್ ಸುತ್ತಮುತ್ತ, ಬರ್ಲಿನ್ ಮತ್ತು ಲೈಪ್‌ಜಿಗ್‌ನಲ್ಲಿ ಕೆಲವರು ಹುಳಿಯನ್ನು ಬಿಡಲಿಲ್ಲ. ಇವತ್ತು ಬೆಂಗಳೂರಿನ ಬ್ರೂವರಿಗಳಲ್ಲಿ ಹಣ್ಣು, ಸೊಪ್ಪು, ಮಸಾಲೆ ಹಾಕಿದ ‘ಸೋರ್’ ಎಂಬ ಹೆಸರಿನಲ್ಲಿ ನಮ್ಮ ಮುಂದೆ ಬರುತ್ತಿರುವುದು ಆ ಹಠಮಾರಿಗಳ ವಂಶ.

ನಾನು ಕುಡಿದದ್ದು ಅಂಥದ್ದೊಂದು: ಮುರುಗಲು, ಮಜ್ಜಿಗೆಹುಲ್ಲು, ಕಾಳುಮೆಣಸು ಹಾಕಿದ ಬಿಯರ್. ಪಟ್ಟಿಯಲ್ಲಿ ಇವುಗಳಿಗೆ ಇಂಗ್ಲಿಷ್ ಹೆಸರುಗಳೇ ಇದ್ದವು. ಕೆಳಗೆ ಎರಡು ಸಾಲಿನ ವಿವರಣೆ: ಮೂಗಿಗೆ ಇಂಥದ್ದು, ನಾಲಿಗೆಗೆ ಇಂಥದ್ದು, ಕೊನೆಗೆ ಇಂಥದ್ದು. ರುಚಿ ಟಿಪ್ಪಣಿ ಎಂಬ ಈ ಪ್ರಕಾರವನ್ನು ಒಂದು ಬರವಣಿಗೆಯಾಗಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಇದರ ಮುಖ್ಯ ಉಪಾಯ ಎಣಿಕೆ. ಒಂದು ಪದ್ಯದಲ್ಲಿ ಉಪಮೆ ಎಷ್ಟು, ರೂಪಕ ಎಷ್ಟು ಎಂದು ಲೆಕ್ಕ ಕೊಟ್ಟು ವಿಮರ್ಶೆ ಮುಗಿಯಿತೆನ್ನುವ ಪರೀಕ್ಷೆಯ ಉತ್ತರವನ್ನು ಇದು ಹೋಲುತ್ತದೆ. ಏನೇನು ಇದೆ ಎಂಬುದು ತಿಳಿಯಿತು, ಸರಿ. ಅವೆಲ್ಲ ಕೂಡಿ ಏನಾಯಿತು?

ಈ ಪ್ರಶ್ನೆಯನ್ನು ಕೇಳಲು ಹೊಸ ಪರಿಭಾಷೆ ಬೇಕಿಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತ ರಸವನ್ನು ವಿವರಿಸಲು ಹೋಗುವುದೇ ಅಡುಗೆಮನೆಗೆ. ಬೆಲ್ಲ, ಮೂಲಿಕೆ, ವ್ಯಂಜನಗಳು ಸೇರಿ ಹೇಗೆ ಒಂದು ರುಚಿ ಹುಟ್ಟುತ್ತದೋ ಹಾಗೆ ಭಾವಗಳು ಸೇರಿ ರಸ ಹುಟ್ಟುತ್ತದೆ ಎನ್ನುವುದು ಅವನ ಹೋಲಿಕೆ. ಮುಂದೆ ಅಭಿನವಗುಪ್ತ ಇದನ್ನೇ ಪಾನಕದ ಉದಾಹರಣೆಯಿಂದ ಹೇಳುತ್ತಾನೆ. ರಾಮನವಮಿಯ ಪಾನಕ ಕುಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆಲ್ಲ, ಏಲಕ್ಕಿ, ಮೆಣಸು, ನಿಂಬೆ ಎಲ್ಲವೂ ಇವೆ. ಆದರೆ ಕುಡಿಯುವಾಗ ನಾಲ್ಕನ್ನೂ ಎಣಿಸುವುದಿಲ್ಲ. ಯಾವುದೊಂದನ್ನು ಬಿಟ್ಟರೂ ಅದು ಪಾನಕವೆನಿಸುವುದಿಲ್ಲ. ನಾವು ಕಾವ್ಯಮೀಮಾಂಸೆಯ ಪತ್ರಿಕೆಗೆ ಬಾಯಿಪಾಠ ಮಾಡುವ ಈ ನ್ಯಾಯವನ್ನು ಅದು ಹುಟ್ಟಿದ ಜಾಗಕ್ಕೇ, ಲೋಟಕ್ಕೇ, ಮರಳಿ ಒಯ್ದು ನೋಡಬಹುದು.

ಗೋಸೆ ಎಂಬ ಜರ್ಮನ್ ಬಿಯರಿನಿಂದ ಶುರುಮಾಡೋಣ. ಗೊಸ್ಲಾರ್ ಊರಿನಲ್ಲಿ ಹುಟ್ಟಿ ಲೈಪ್‌ಜಿಗ್‌ನಲ್ಲಿ ನೆಲೆ ಕಂಡ ಈ ಗೋಧಿ ಬಿಯರಿಗೆ ಹಾಕುವುದು ಉಪ್ಪು ಮತ್ತು ಕೊತ್ತಂಬರಿ ಬೀಜ. ಹುಳಿ ಬರುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾದಿಂದ, ಅಂದರೆ ನಮ್ಮ ಮೊಸರಿಗೆ, ದೋಸೆ ಹಿಟ್ಟಿಗೆ ಹುಳಿ ಕೊಡುವ ಬಳಗದಿಂದ. ಉಪ್ಪು, ಕೊತ್ತಂಬರಿ, ಮೊಸರಿನ ಹುಳಿ: ಮಜ್ಜಿಗೆ ಕುಡಿದು ಬೆಳೆದವರಿಗೆ ಇದು ಪರದೇಶದ ಜಾಣತನ ಅನ್ನಿಸಲಾರದು. ಇಲ್ಲಿ ಉಪ್ಪು ಉಪ್ಪಾಗಿ ನಾಲಿಗೆಗೆ ಹತ್ತುವುದಿಲ್ಲ, ಹುಳಿಯ ಅಂಚನ್ನು ತುಂಬಿಕೊಡುತ್ತದೆ. ಪಾನಕ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಬ್ರಸೆಲ್ಸ್ ಕಡೆಯ ಕ್ರೀಕ್ ಇನ್ನೂ ಮುಂದೆ ಹೋಗುತ್ತದೆ. ಇದರ ತಳಹದಿಯಾದ ಲ್ಯಾಂಬಿಕ್ ಬಿಯರಿಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ದ್ರವವನ್ನು ಅಗಲವಾದ ತೆರೆದ ಪಾತ್ರೆಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರುವ ಜೀವಿಗಳೇ ಉಳಿದ ಕೆಲಸ ಮಾಡುತ್ತವೆ. ಅದಕ್ಕೆ ಹುಳಿ ಚೆರ್ರಿ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸುತ್ತದೆ. ಹಳೆಯ ರೀತಿಯ ಕ್ರೀಕ್‌ನಲ್ಲಿ ಉಳಿಯುವುದು ಸಿಹಿಯಿಲ್ಲದ ಹಣ್ಣು: ಬಣ್ಣ, ಪರಿಮಳ, ಬೀಜದ ಒಗರು.

ಇದರ ಎದುರಿಗೆ ಈಗಿನ ಅವಸರದ ದಾರಿಯನ್ನಿಡಿ. ಕುದಿಸುವ ಹಂಡೆಯಲ್ಲೇ ಒಂದೆರಡು ದಿನದಲ್ಲಿ ಹುಳಿ ಬರಿಸಿ, ಮತ್ತೆ ಕುದಿಸಿ ಬ್ಯಾಕ್ಟೀರಿಯಾ ಕೊಂದು, ಕೊನೆಯಲ್ಲಿ ಹಣ್ಣಿನ ತಿರುಳು ಸುರಿಯುವುದು. ದಾರಿ ಹತ್ತಿರದ್ದೆಂಬ ಕಾರಣಕ್ಕೇ ಅದು ಕೀಳಲ್ಲ. ಆದರೆ ಹಣ್ಣಿಗೆ ಬಿಯರಿನ ಜೊತೆ ಬದಲಾಗಲು ಸಮಯ ಸಿಕ್ಕಿತೇ ಎಂದು ಕೇಳಬೇಕಾಗುತ್ತದೆ.

ನನ್ನ ಲೋಟದ ಬಿಯರ್ ಈ ಪರೀಕ್ಷೆಯಲ್ಲಿ ಅರ್ಧ ದಾಟಿತು. ಐಸಿನಷ್ಟು ತಣ್ಣಗೆ ಬಂದಾಗ ಅದು ಬರೀ ಪಟ್ಟಿ. ಮೊಸರಿನ ಮೆತ್ತನೆಯ ಹುಳಿ ಒಂದು ಕಡೆ, ಮುರುಗಲಿನ ಹಲ್ಲು ಜುಮ್ಮೆನ್ನಿಸುವ ಒಗರು ಹುಳಿ ಇನ್ನೊಂದು ಕಡೆ, ಒಂದಕ್ಕೊಂದು ಮಾತಿಲ್ಲ. ಮಜ್ಜಿಗೆಹುಲ್ಲು ಮೂಗಿನ ಹತ್ತಿರವೇ ನಿಂತುಬಿಟ್ಟಿತ್ತು. ಇಪ್ಪತ್ತು ನಿಮಿಷ ಕಳೆದು ತಣ್ಪು ಇಳಿದ ಮೇಲೆ ಹುಲ್ಲಿನ ಪರಿಮಳ ಬಾಯೊಳಗೆ ಬಂತು. ಹುಳಿ ಇಳಿಯುವ ಹೊತ್ತಿಗೆ ಸರಿಯಾಗಿ ಮೆಣಸಿನ ಖಾರ ಗಂಟಲಲ್ಲಿ ಎದ್ದು ಎರಡೂ ಹುಳಿಗಳನ್ನು ಒಂದು ಮಾಡಿತು. ಆದರೂ ಒಂದು ಕೊರತೆ ಉಳಿಯಿತು. ಧಾನ್ಯದ ರುಚಿಯೇ ಇರಲಿಲ್ಲ. ಕೂಡಿಸಿದ್ದಕ್ಕೆ ನಿಲ್ಲಲು ನೆಲವಿರಲಿಲ್ಲ. ಮೊದಲ ಗುಟುಕಿಗೇ ಬರೆಯುವ ಟಿಪ್ಪಣಿಗೆ ಈ ಗುಣವೂ ಸಿಗುವುದಿಲ್ಲ, ಈ ದೋಷವೂ ಸಿಗುವುದಿಲ್ಲ.

ಪಾನಕ ನ್ಯಾಯವನ್ನು ಎಲ್ಲದಕ್ಕೂ ಹೇರಬಹುದೇ? ಬರ್ಲಿನರ್ ವೈಸೆ ಇಲ್ಲಿ ತಕರಾರು ತೆಗೆಯುತ್ತದೆ. ಆ ಹುಳಿ ಬಿಯರಿಗೆ ರಾಸ್ಪ್‌ಬೆರಿಯ ಕೆಂಪು ಪಾಕವನ್ನೋ ವಾಲ್ಡ್‌ಮೈಸ್ಟರ್ ಎಂಬ ಮೂಲಿಕೆಯ ಹಸಿರು ಪಾಕವನ್ನೋ ಸೇರಿಸುವುದು ಬಡಿಸುವಾಗ. ಸಿಹಿ ಮತ್ತು ಹುಳಿ ಒಂದಾಗುವುದಿಲ್ಲ, ಜಗಳವಾಡುತ್ತಲೇ ಇರುತ್ತವೆ, ಅದೇ ಅದರ ಸೊಗಸು. ಆದ್ದರಿಂದ ‘ಕೂಡಿತೇ’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಕೂಡಬೇಕಿತ್ತೇ’ ಎಂಬ ಪ್ರಶ್ನೆಯನ್ನೂ ಇಟ್ಟುಕೊಳ್ಳಬೇಕು. ಮುರುಗಲು ಬಿಯರ್ ಜಗಳವಾಡಲು ಹೊರಟದ್ದಲ್ಲ. ಕೂಡಲು ಹೊರಟು ಅರ್ಧದಲ್ಲಿ ನಿಂತದ್ದು.

ಕೊನೆಗೆ ಒಂದು ಮಾತು. ಇಂಥ ಪಾನೀಯದ ಬಗ್ಗೆ ಕನ್ನಡದಲ್ಲಿ ಪದಗಳಿಲ್ಲ ಎನ್ನುವವರಿದ್ದಾರೆ. ಆದರೆ ಬೆಳಿಗ್ಗೆ ಸಿಹಿಯಾಗಿದ್ದ ಹೆಂಡ ಮಧ್ಯಾಹ್ನಕ್ಕೆ ಹೇಗೆ, ಸಂಜೆಗೆ ಹೇಗೆ ಎಂದು ಮರ ಹತ್ತಿ ಇಳಿಸಿದವರಿಗೆ ಗೊತ್ತು. ಅದೂ ಲ್ಯಾಂಬಿಕ್‌ನಂತೆ ಯಾರೂ ಯೀಸ್ಟ್ ಹಾಕದೆ ತಾನಾಗಿ ಹುದುಗುವ ಪಾನೀಯವೇ. ಹುಳಿಯ ಹದವನ್ನು ಗಳಿಗೆ ಲೆಕ್ಕದಲ್ಲಿ ಬಲ್ಲ ಆ ನಾಲಿಗೆಯನ್ನು ನಮ್ಮ ಮೀಮಾಂಸೆ ಸಹೃದಯನ ಪಂಕ್ತಿಯಲ್ಲಿ ಕೂರಿಸಲಿಲ್ಲ; ದುಬಾರಿ ಲೋಟದ ಟಿಪ್ಪಣಿ ಬರೆಯುವವರೂ ಕೂರಿಸುತ್ತಿಲ್ಲ. ಪಾನಕ ನ್ಯಾಯದಷ್ಟೇ ಆ ಮಾತುಗಳೂ ರುಚಿಯ ವಿಮರ್ಶೆಗೆ ಬೇಕು. ಅವನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಇನ್ನೂ ಬಾಕಿ ಇದೆ.